ಇಬ್ಬರು ಒಪ್ಪಿದರು, ಸಿಐ ಹಸಿರು, ಆದರೂ ‘ರ‍್ಯಾಂಕ್’ ಕೆಟ್ಟಿತು: ಮರ್ಜ್ ನಿಯಮ ಹೇಗಿರಬೇಕು?

ಒತ್ತಕ್ಷರ

ನಮಸ್ಕಾರ. ಸ್ವಲ್ಪ ಉದ್ದದ ಗೋಳು, ಓದಿ ಪುಣ್ಯ ಕಟ್ಟಿಕೊಳ್ಳಿ.

ನಮ್ಮದೊಂದು ಚಿಕ್ಕ ಪೈಥಾನ್ ಲೈಬ್ರರಿ (ಬೇರೆ ಪ್ರೋಗ್ರಾಮ್‌ಗಳು ಬಳಸಿಕೊಳ್ಳುವ ಕೋಡ್) ಇದೆ. ಕನ್ನಡ ಪಠ್ಯವನ್ನು ಚೊಕ್ಕ ಮಾಡುವುದು, ಪದಗಳನ್ನು ಅಕಾರಾದಿಯಾಗಿ ಜೋಡಿಸುವುದು, ಅಂಕಿಯನ್ನು ಅಕ್ಷರದಲ್ಲಿ ಬರೆಯುವುದು, ಇಷ್ಟೇ ಕೆಲಸ. ಮೇಂಟೇನರ್‌ಗಳು ಮೂರು ಜನ: ನಾನು, ನನ್ನ ಕಾಲೇಜಿನ ಗೆಳೆಯ, ಪುಣೆಯ ಒಬ್ಬರು. ಪುಣೆಯವರಿಗೆ ಪೈಥಾನ್ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತು, ಕನ್ನಡ ಓದಲು ಬರುವುದಿಲ್ಲ. ಯಾರದೇ ಪಿಆರ್ (ಕೋಡ್ ಬದಲಾವಣೆಯ ಕೋರಿಕೆ) ಆಗಲಿ, ಇಬ್ಬರು ಒಪ್ಪಿದರೆ ಮರ್ಜ್ (ಮುಖ್ಯ ಕೋಡ್‌ಗೆ ಸೇರಿಸುವುದು) ಅಂತ ನಿಯಮ ಇಟ್ಟುಕೊಂಡಿದ್ದೇವೆ.

ಕಳೆದ ತಿಂಗಳು ಹೊಸಬರೊಬ್ಬರು ಪಿಆರ್ ಕಳಿಸಿದರು. ‘ಪಠ್ಯದಲ್ಲಿರುವ ಕಾಣದ ಕಸವನ್ನು ತೆಗೆಯುವುದು’ ಅಂತ ತಲೆಬರಹ. ನಲವತ್ತು ಸಾಲಿನ ಗೋಜಲು ಹೋಗಿ ಎರಡೇ ಸಾಲು ಉಳಿದಿತ್ತು. ಸಿಐ (ಕೋಡ್ ಸರಿ ಇದೆಯಾ ಅಂತ ಟೆಸ್ಟ್‌ಗಳನ್ನು ತಾನೇ ಓಡಿಸುವ ವ್ಯವಸ್ಥೆ) ಹಸಿರು, ಅಂದರೆ ಎಲ್ಲಾ ಪಾಸ್. ನಾನು ಚಿಕ್ಕಪ್ಪನ ಮಗಳ ಮದುವೆಗೆ ಹಾಸನಕ್ಕೆ ಹೋಗಿದ್ದೆ. ಉಳಿದಿಬ್ಬರು ಒಪ್ಪಿದರು, ಮರ್ಜ್ ಆಯಿತು, ರಿಲೀಸೂ ಆಯಿತು.

ವಾರ ಕಳೆದ ಮೇಲೆ ಲೈಬ್ರರಿ ಬಳಸುವ ಒಬ್ಬರಿಂದ ಮೇಲ್ ಬಂತು. ಅವರ ಸೈಟಲ್ಲಿ ‘ರ‍್ಯಾಂಕ್’ ಇದ್ದ ಕಡೆಯೆಲ್ಲಾ ‘ರ್ಯಾಂಕ್’, ‘ಸಾಫ್ಟ್‌ವೇರ್’ ಇದ್ದ ಕಡೆಯೆಲ್ಲಾ ‘ಸಾಫ್ಟ್ವೇರ್’. ಆ ‘ಕಸ’ ಅಂದರೆ ಜೀರೋ ವಿಡ್ತ್ ಜಾಯಿನರ್ ಮತ್ತು ನಾನ್ ಜಾಯಿನರ್. ಕಣ್ಣಿಗೆ ಕಾಣುವುದಿಲ್ಲ. ಆದರೆ ರ ತನ್ನ ಜಾಗದಲ್ಲಿ ನಿಲ್ಲಬೇಕೋ ಅರ್ಕಾವತ್ತಾಗಿ ಆಚೆ ಹೋಗಬೇಕೋ, ವ ಒತ್ತಾಗಬೇಕೋ ಬೇಡವೋ ಅಂತ ತೀರ್ಮಾನಿಸುವುದು ಅವೇ.

ಈಗ ಮೂವರ ನಡುವೆ ಸ್ವಲ್ಪ ಮುನಿಸು. ಗೆಳೆಯ ಹೇಳ್ತಾನೆ, ಮೂರೂ ಜನ ಒಪ್ಪಿದರೆ ಮಾತ್ರ ಮರ್ಜ್ ಅಂತ ಮಾಡೋಣ ಅಂತ. ಹಾಗೆ ಮಾಡಿದರೆ ಯಾವ ಪಿಆರೂ ಮುಂದೆ ಹೋಗಲ್ಲ ಅಂತ ನನಗೆ ಭಯ. ನಿಮ್ಮಲ್ಲಿ ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಕೆಲಸ ಮಾಡಿದವರು ಇದ್ದೀರಿ. ಅಲ್ಲೆಲ್ಲ ಇದನ್ನು ಹೇಗೆ ಮಾಡುತ್ತಾರೆ?

ಟರ್ಮಿನಲ್_ತಿಮ್ಮ

ಟೆಸ್ಟ್ ಬರೀರಿ ಗುರು. ‘ರ‍್ಯಾಂಕ್’ ಅನ್ನೋ ಒಂದು ಪದ ಟೆಸ್ಟಲ್ಲಿ ಇದ್ದಿದ್ದರೆ ಸಿಐ ಕೆಂಪಾಗುತ್ತಿತ್ತು. ಇದಕ್ಕೆ ಯಾಕೆ ನಿಯಮ, ಪಂಚಾಯ್ತಿ ಎಲ್ಲ?

ಒತ್ತಕ್ಷರ

@ಟರ್ಮಿನಲ್_ತಿಮ್ಮ ಅದೇ ಹೊಟ್ಟೆ ಉರಿಯೋದು. ಟೆಸ್ಟ್ ಇತ್ತು. ಆ ಪಿಆರ್ ಕಳಿಸಿದವರು ಟೆಸ್ಟನ್ನೂ ‘ಸರಿ’ ಮಾಡಿದ್ದರು. ಬರಬೇಕಾದ ಉತ್ತರವನ್ನೇ ‘ರ್ಯಾಂಕ್’ ಅಂತ ಬದಲಿಸಿದ್ದರು. ಕೆಟ್ಟ ಉದ್ದೇಶ ಇರಲಿಲ್ಲ, ಟೆಸ್ಟ್ ಹಳೆಯದು ಅಂದುಕೊಂಡಿದ್ದರಂತೆ. ಪುಣೆಯವರಿಗೆ ಹೋದ ಸಾಲು (ಕೆಂಪು), ಬಂದ ಸಾಲು (ಹಸಿರು) ಎರಡೂ ಜಿಲೇಬಿ ಥರಾನೇ ಕಂಡಿವೆ. ನನ್ನ ಗೆಳೆಯ ಬಸ್ಸಲ್ಲಿ ಕೂತು ಫೋನಲ್ಲಿ ನೋಡಿದ್ದ. ‘ಅವರು ಆಗಲೇ ಒಪ್ಪಿದ್ದರಲ್ಲ’ ಅಂತ ಟೆಸ್ಟ್ ಫೈಲ್ ಬಿಚ್ಚಲೇ ಇಲ್ಲ.

ಟರ್ಮಿನಲ್_ತಿಮ್ಮ

ಓಹ್. ಹಾಗಾದ್ರೆ ನನ್ನ ಮಾತು ವಾಪಸ್. ಕೋಡ್ ಮತ್ತು ಅದರ ಟೆಸ್ಟ್ ಎರಡೂ ಒಂದೇ ಪಿಆರಲ್ಲಿ ಬದಲಾದರೆ ಆ ಹಸಿರಿಗೆ ಬೆಲೆ ಇಲ್ಲ. ಪ್ರಶ್ನೆಪತ್ರಿಕೆಯೂ ಅವರದೇ, ಉತ್ತರಪತ್ರಿಕೆಯೂ ಅವರದೇ.

ರಾತ್ರಿಪಾಳಿ

ಒತ್ತಕ್ಷರ ಅವರೇ, ನಿಮ್ಮ ಕಥೆ ಓದಿ ನನಗೆ ಡೆಬಿಯನ್ (ಒಂದು ಲಿನಕ್ಸ್ ವ್ಯವಸ್ಥೆ) ಕಥೆ ನೆನಪಾಯಿತು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ಏಕೆಂದರೆ ಅದೂ ‘ಕಸ ತೆಗೆಯುವ’ ಪ್ಯಾಚೇ (ಕೋಡ್ ತಿದ್ದುಪಡಿಯೇ).

2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ ಪ್ಯಾಕೇಜಿನಲ್ಲಿ ವ್ಯಾಲ್‌ಗ್ರೈಂಡ್ ಎಂಬ ಪರೀಕ್ಷೆಯ ಟೂಲ್ ಎಚ್ಚರಿಕೆ ಕೊಡುತ್ತಿತ್ತು: ಬೆಲೆ ತುಂಬದ ಮೆಮೊರಿಯನ್ನು ಈ ಸಾಲುಗಳು ಓದುತ್ತಿವೆ ಅಂತ. ಪ್ಯಾಕೇಜ್ ನೋಡಿಕೊಳ್ಳುತ್ತಿದ್ದವರು ಎರಡು ಸಾಲುಗಳನ್ನು ಕಾಮೆಂಟ್ ಮಾಡಿ ಓಡದಂತೆ ಮಾಡಿದರು. ಸುಮ್ಮನೆ ಮಾಡಲಿಲ್ಲ, ಓಪನ್‌ಎಸ್‌ಎಸ್‌ಎಲ್ ಮೇಲಿಂಗ್ ಲಿಸ್ಟಿನಲ್ಲಿ ಮೊದಲು ಕೇಳಿದ್ದರು. ಅಲ್ಲಿಂದ, ಡೀಬಗ್ ಮಾಡಲು ಅನುಕೂಲ ಆಗುವುದಾದರೆ ತೆಗೆಯಬಹುದು ಎಂಬ ಅರ್ಥದ ಉತ್ತರವೂ ಬಂದಿತ್ತು. ಉತ್ತರ ಕೊಟ್ಟವರು ಡೀಬಗ್ ಮಾಡುವ ಹೊತ್ತಿಗೆ ಮಾತ್ರ ಅಂದುಕೊಂಡಿರಬೇಕು. ಕೇಳಿದವರು ಶಾಶ್ವತವಾಗಿ ಅಂದುಕೊಂಡರು.

ಆ ಎರಡು ಸಾಲಲ್ಲಿ ಒಂದು, ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಜಾಗಕ್ಕೆ ಬೀಜ ಹಾಕುವ ಸಾಲು. ಅದು ಹೋದ ಮೇಲೆ ಬೀಜವಾಗಿ ಉಳಿದದ್ದು ಪ್ರೊಸೆಸ್ ಐಡಿ (ಓಡುತ್ತಿರುವ ಪ್ರೋಗ್ರಾಮಿಗೆ ಕೊಡುವ ಸಂಖ್ಯೆ) ಮಾತ್ರ. ಅಂದರೆ ಒಂದು ಬಗೆಯ ಯಂತ್ರ, ಒಂದು ಅಳತೆಯ ಕೀ ಅಂತ ತೆಗೆದುಕೊಂಡರೆ ಹುಟ್ಟಬಹುದಾದ ಕೀಗಳು ಒಟ್ಟು 32,767. ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ ಪಟ್ಟಿ ಮಾಡಿಟ್ಟುಕೊಳ್ಳಬಹುದು. ಇದು ಬಯಲಾದದ್ದು 2008ರ ಮೇ ತಿಂಗಳಲ್ಲಿ. ಹತ್ತಿರಹತ್ತಿರ ಎರಡು ವರ್ಷ ಡೆಬಿಯನ್, ಉಬುಂಟು ಯಂತ್ರಗಳಲ್ಲಿ ಹುಟ್ಟಿದ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ) ಕೀಗಳನ್ನು ಎಸೆದು ಹೊಸದು ಮಾಡಬೇಕಾಯಿತು.

ಅಲ್ಲೂ ಇಬ್ಬರು ನೋಡಿದ್ದರು. ನಿಮ್ಮಲ್ಲೂ ಇಬ್ಬರು ನೋಡಿದ್ದರು. ಒಬ್ಬೊಬ್ಬರಿಗೂ ಅರ್ಧರ್ಧ ಗೊತ್ತಿತ್ತು, ಆ ಎರಡು ಅರ್ಧ ಸೇರಲೇ ಇಲ್ಲ. ಮೂರನೆಯವರನ್ನು ಸೇರಿಸಿದ ಮಾತ್ರಕ್ಕೆ ಅದು ಹೇಗೆ ಸೇರುತ್ತದೆ?

ಬೆಣ್ಣೆದೋಸೆ

ಆದರೂ ರಾತ್ರಿಪಾಳಿ ಸರ್, ಸಂಖ್ಯೆಗೆ ಬೆಲೆಯೇ ಇಲ್ಲ ಅನ್ನುವುದೂ ತಪ್ಪಲ್ವಾ? ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ತಗೊಳ್ಳಿ. ಆ ಕೋಡ್ ಓಪನ್‌ಎಸ್‌ಎಸ್‌ಎಲ್ ಒಳಗೆ ಸೇರಿದ್ದು 2011ರ ಡಿಸೆಂಬರ್ 31ರ ರಾತ್ರಿ. ಒಬ್ಬರು ಬರೆದರು, ಒಬ್ಬರು ನೋಡಿದರು, ಆಚೆಯವರು ಹೇಳಿದ ಅಳತೆ ನಿಜವೋ ಅಂತ ಪರೀಕ್ಷಿಸಬೇಕು ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. 2014ರ ಏಪ್ರಿಲ್ ತನಕ ಹಾಗೇ ಇತ್ತು. ಆಮೇಲೆ ಓಪನ್‌ಎಸ್‌ಎಸ್‌ಎಲ್‌ನವರು ನಿಯಮ ಬಿಗಿ ಮಾಡಿದರು. ಇಬ್ಬರ ಒಪ್ಪಿಗೆ ಬೇಕು. ಒಪ್ಪಿಗೆ ಸಿಕ್ಕ ಮೇಲೂ 24 ಗಂಟೆ ಹಾಗೇ ಬಿಡಬೇಕು, ಬೇರೆ ದೇಶದಲ್ಲಿ ನಿದ್ದೆ ಮಾಡುತ್ತಿರುವವರೂ ಎದ್ದು ನೋಡಲಿ ಅಂತ.

ನನಗೆ ಇದರಲ್ಲಿ ಇಷ್ಟವಾಗುವುದು ಆ 24 ಗಂಟೆ. ಒತ್ತಕ್ಷರ ಮದುವೆ ಊಟ ಮುಗಿಸಿ ಬಂದು ಒಂದು ಸಲ ನೋಡಿದ್ದರೆ ಸಾಕಿತ್ತು.

ಮಲೆನಾಡ_ಪ್ಯಾಚ್

ಲಿನಕ್ಸ್ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಆಗಾಗ ಸಣ್ಣಪುಟ್ಟ ಪ್ಯಾಚ್ ಕಳಿಸುತ್ತಿರುತ್ತೇನೆ, ದೊಡ್ಡ ಪರಿಣಿತ ಅಲ್ಲ. ಅಲ್ಲಿ ‘ಇಂತಿಷ್ಟು ಜನ ಒಪ್ಪಬೇಕು’ ಅನ್ನುವ ಲೆಕ್ಕ ಕರ್ನಲ್‌ಗೆಲ್ಲಾ ಸೇರಿ ಒಂದೇ ಅಂತ ಇಲ್ಲ. ಪಿಆರ್ ಬಟನ್ನೂ ಇಲ್ಲ. ಪ್ಯಾಚನ್ನು ಮೇಲ್‌ನಲ್ಲಿ ಕಳಿಸಬೇಕು. ಯಾರಿಗೆ ಕಳಿಸಬೇಕು ಅಂತ ಹೇಳಲು ಮೇಂಟೇನರ್ಸ್ ಎಂಬ ಫೈಲ್ ಇದೆ: ಯಾವ ಫೋಲ್ಡರ್ ಯಾರ ಸುಪರ್ದಿ ಅಂತ. ಸಬ್‌ಸಿಸ್ಟಮ್ ನೋಡಿಕೊಳ್ಳುವವರು ತಮ್ಮ ಟ್ರೀಗೆ (ಕೋಡಿನ ಪ್ರತಿಗೆ) ತೆಗೆದುಕೊಳ್ಳುತ್ತಾರೆ, ಅವರಿಂದ ಕರ್ನಲ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಎಳೆದುಕೊಳ್ಳುತ್ತಾರೆ. ನಂಬಿಕೆಯ ಸರಪಳಿ ಅದು, ಮತ ಎಣಿಕೆ ಅಲ್ಲ.

ನಿಮಗೆ ಉಪಯೋಗ ಆಗಬಹುದಾದದ್ದು ಬೇರೆ. ಕಮಿಟ್ (ದಾಖಲಾದ ಬದಲಾವಣೆ) ಸಂದೇಶದ ಕೊನೆಯಲ್ಲಿ ಹೆಸರುಗಳ ಸಾಲು ಇರುತ್ತದೆ, ಒಂದೊಂದಕ್ಕೂ ಅರ್ಥ ಬೇರೆ. ‘ಸೈನ್ಡ್-ಆಫ್-ಬೈ’ ಅಂದರೆ ಈ ಕೋಡ್ ಕೊಡುವ ಹಕ್ಕು ನನಗಿದೆ ಅಂತ. ಎಸ್‌ಸಿಒ ಕಂಪನಿ ಲಿನಕ್ಸಿನಲ್ಲಿ ತನ್ನ ಕೋಡ್ ಇದೆ ಅಂತ ಹೂಡಿದ ಕೋರ್ಟ್ ಗಲಾಟೆ ನಡೆಯುತ್ತಿದ್ದಾಗ, 2004ರಲ್ಲಿ ಬಂದ ಪದ್ಧತಿ. ‘ಟೆಸ್ಟೆಡ್-ಬೈ’ ಅಂದರೆ ಓಡಿಸಿ ನೋಡಿದ್ದೇನೆ. ‘ರಿವ್ಯೂಡ್-ಬೈ’ ಅಂದರೆ ಪೂರ್ತಿ ಓದಿದ್ದೇನೆ, ನನಗಿದ್ದ ಅನುಮಾನ ಬಗೆಹರಿದಿದೆ. ‘ಆಕ್ಡ್-ಬೈ’ ಇದೆಯಲ್ಲ, ಅದು ಅಷ್ಟು ಭಾರದ್ದಲ್ಲ. ಪ್ಯಾಚ್ ನಾಲ್ಕು ಕಡೆ ಕೈ ಹಾಕಿದ್ದರೆ ಒಬ್ಬರ ‘ಆಕ್’ ಸಾಮಾನ್ಯವಾಗಿ ಅವರ ಭಾಗಕ್ಕೆ ಮಾತ್ರ ಲೆಕ್ಕ. ಉಳಿದದ್ದಕ್ಕೆ ಅವರು ಜವಾಬ್ದಾರರಲ್ಲ.

ನಿಮ್ಮ ಪುಣೆಯವರು ಕೊಟ್ಟದ್ದು ನಿಜವಾಗಿ ‘ಆಕ್’. ಪೈಥಾನ್ ಚೆನ್ನಾಗಿದೆ ಅಂತ. ಹಸಿರು ಟಿಕ್ ಅದನ್ನು ‘ಎಲ್ಲಾ ಚೆನ್ನಾಗಿದೆ’ ಅಂತ ಮಾಡಿಬಿಟ್ಟಿತು. ಅವರ ತಪ್ಪು ಏನೂ ಇಲ್ಲ ಇದರಲ್ಲಿ.

ಇನ್ನೊಂದು, ಕರ್ನಲ್‌ನಲ್ಲಿ ‘ಏನು’ ಅನ್ನುವಷ್ಟೇ ‘ಯಾವಾಗ’ ಅನ್ನುವುದೂ ನಿಯಮ. ಒಂದು ಆವೃತ್ತಿ ಬಿಡುಗಡೆಯಾದ ಮೇಲೆ ಎರಡು ವಾರ ಮರ್ಜ್ ವಿಂಡೋ. ಹೊಸದೆಲ್ಲ ಆಗ ಮಾತ್ರ. ಆಮೇಲೆ ವಾರಕ್ಕೊಂದು ಆರ್‌ಸಿ (ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ), ಅದರಲ್ಲಿ ರಿಪೇರಿ ಮಾತ್ರ. ಇದಕ್ಕೆ ಜಗಳ ಆಗಿ ಬಿಕ್ಯಾಶ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ಮೇ 2025ರಲ್ಲಿ, 6.18ನೇ ಆವೃತ್ತಿಯ ಹೊತ್ತಿಗೆ, ಕರ್ನಲ್‌ನಿಂದ ಆಚೆ ಹೋಯಿತು. ಆರ್‌ಸಿ ಹೊತ್ತಲ್ಲಿ ಹೊಸ ಫೀಚರ್ ಕಳಿಸಿದ್ದು ಆ ಜಗಳದ ದೊಡ್ಡ ಕಾರಣ.

ಕಾದುಕಾದು_ಕಲ್ಲಾದೆ

ಎಲ್ಲರೂ ಮೇಂಟೇನರ್ ಕಡೆಯಿಂದಲೇ ಮಾತಾಡ್ತಿದ್ದೀರಿ. ಕೋಡ್ ಕಳಿಸುವವರ ಕಷ್ಟವನ್ನೂ ಸ್ವಲ್ಪ ಕೇಳಿ. ಒಂದು ಪ್ರಾಜೆಕ್ಟಿಗೆ (ಹೆಸರು ಬೇಡ) ನಾನು ಹನ್ನೊಂದು ಸಾಲಿನ ಪಿಆರ್ ಕಳಿಸಿ ಏಳು ತಿಂಗಳಾಯಿತು. ಮೊದಲ ರಿವ್ಯೂ ಬಂದದ್ದು ಮೂರನೇ ತಿಂಗಳು: ‘ಇಲ್ಲಿ ಒಂದು ಖಾಲಿ ಸಾಲು ಜಾಸ್ತಿ ಇದೆ’. ತೆಗೆದೆ. ಆಮೇಲೆ ಇನ್ನೊಬ್ಬರು ಬಂದು ‘ಇಲ್ಲಿ ಖಾಲಿ ಸಾಲು ಇದ್ದರೆ ಚೆಂದ’ ಅಂದರು. ಸತ್ಯವಾಗಿಯೂ. ಒಬ್ಬರು ಒಪ್ಪಿದರು. ಇನ್ನೊಬ್ಬರು ಒಪ್ಪುವಷ್ಟರಲ್ಲಿ ಮೇನ್ ಬ್ರಾಂಚ್ (ಮುಖ್ಯ ಕೋಡ್) ಮುಂದೆ ಹೋಗಿ ನನ್ನ ಬದಲಾವಣೆ ಜೊತೆ ಕಾನ್‌ಫ್ಲಿಕ್ಟ್. ಸರಿ ಮಾಡಿ ಪುಶ್ ಮಾಡಿದೆ, ಹಳೆಯ ಒಪ್ಪಿಗೆ ಬಿದ್ದುಹೋಯಿತು! ಹೊಸ ಕಮಿಟ್ ಬಂದರೆ ಹಳೇ ಒಪ್ಪಿಗೆ ರದ್ದು ಅಂತ ಸೆಟ್ಟಿಂಗ್ ಹಾಕಿದ್ದಾರೆ.

ಮೂರು ಜನರ ಒಪ್ಪಿಗೆ ಅಂತ ನಿಯಮ ಮಾಡಿದರೆ ನಿಮ್ಮ ಲೈಬ್ರರಿಗೂ ಇದೇ ಗತಿ. ದಯವಿಟ್ಟು ಬೇಡ.

ರಾತ್ರಿಪಾಳಿ

@ಕಾದುಕಾದು_ಕಲ್ಲಾದೆ ಹೆಸರು ಸೂಪರ್. ಆ ಸೆಟ್ಟಿಂಗ್ ಮಾತ್ರ ಇರಲೇಬೇಕು. ಇಲ್ಲದಿದ್ದರೆ ಒಪ್ಪಿಗೆ ತಗೊಂಡ ಮೇಲೆ ಏನು ಬೇಕಾದರೂ ತುರುಕಬಹುದು. ಖಾಲಿ ಸಾಲಿನ ಜಗಳಕ್ಕೆ ಮದ್ದು ಫಾರ್ಮ್ಯಾಟರ್, ಸಾಲು, ಜಾಗ ಎಲ್ಲ ತಾನೇ ಜೋಡಿಸುವ ಟೂಲ್. ಯಂತ್ರ ಹೇಳಬಹುದಾದ್ದನ್ನು ಮನುಷ್ಯ ಹೇಳಬಾರದು.

ಕೃಷ್ಣರಾಜಪುರಂ_ಲೋಕಲ್

ಕಾಯುವ ಸಮಸ್ಯೆಗೆ ಡೇಟಾಬೇಸ್ ಪ್ರಾಜೆಕ್ಟ್ ಆದ ಪೋಸ್ಟ್‌ಗ್ರೆಸ್‌ನವರದು ಒಂದು ಒಳ್ಳೆಯ ಪದ್ಧತಿ ಇದೆ. ಅವರಲ್ಲಿ ‘ಕಮಿಟ್‌ಫೆಸ್ಟ್’ ಅಂತ ವರ್ಷಕ್ಕೆ ಐದು ಸಲ ನಡೆಯುತ್ತದೆ. ಆ ತಿಂಗಳು ಹೊಸದು ಬರೆಯುವುದಕ್ಕಿಂತ ಬಂದಿರುವುದನ್ನು ನೋಡಿ ಮುಗಿಸುವುದೇ ಮುಖ್ಯ. ನೀವು ಒಂದು ಪ್ಯಾಚ್ ಹಾಕಿದ್ದರೆ, ಹೆಚ್ಚುಕಡಿಮೆ ಅಷ್ಟೇ ಕಷ್ಟದ ಬೇರೆಯವರ ಪ್ಯಾಚ್ ಒಂದನ್ನು ನೀವು ನೋಡಬೇಕು ಅಂತ ನಿರೀಕ್ಷೆ. ಮುಯ್ಯಿ ಥರ. ನಮ್ಮ ಕಡೆ ನಾಟಿ ಹೊತ್ತಲ್ಲಿ ಮುಯ್ಯಾಳು ಹೋಗುತ್ತಿರಲಿಲ್ಲವಾ, ಹಾಗೆ. ಕಮಿಟ್ ಹಕ್ಕು ಇರುವವರು ಕೆಲವರೇ, ಆದರೆ ನೋಡುವ ಹಕ್ಕು ಎಲ್ಲರಿಗೂ ಇದೆ.

ಅಪಾಚೆ ಫೌಂಡೇಶನ್ನಿನ ಪ್ರಾಜೆಕ್ಟುಗಳಲ್ಲಿ ಇನ್ನೊಂದು: ಯಾರೂ ಬೇಡ ಅನ್ನದಿದ್ದರೆ ಒಪ್ಪಿಗೆ ಅಂತಲೇ ಲೆಕ್ಕ. ಸಾಮಾನ್ಯವಾಗಿ 72 ಗಂಟೆ ಕಾಯುತ್ತಾರೆ. ಕೋಡ್ ಬದಲಾವಣೆಗೆ ಹಕ್ಕಿರುವ ಒಬ್ಬರು ‘-1’ ಅಂದರೂ ನಿಂತಿತು. ಆದರೆ ಸುಮ್ನೆ ಅನ್ನುವ ಹಾಗಿಲ್ಲ, ತಾಂತ್ರಿಕ ಕಾರಣ ಕೊಡಬೇಕು. ಕಾರಣ ಇಲ್ಲದ ವೀಟೋ ವೀಟೋನೇ ಅಲ್ಲ.

ಪದಬಂಧ_ಪ್ರೇಮಿ

ನಾನು ಮೀಡಿಯಾವಿಕಿ ಕಡೆ ಸ್ವಲ್ಪ ಓಡಾಡಿದ್ದೇನೆ. ಕನ್ನಡ ವಿಕಿಪೀಡಿಯ ಓಡುವುದು ಅದರ ಮೇಲೇ ಅಲ್ವಾ. ಅಲ್ಲಿ ಕೋಡ್ ರಿವ್ಯೂಗೆ ಗೆರಿಟ್ ಎಂಬ ಟೂಲ್. ಗೆರಿಟಲ್ಲಿ -2ರಿಂದ +2ರವರೆಗೆ ಅಂಕ. +1 ಅಂದರೆ ‘ನನಗೆ ಸರಿ ಕಾಣುತ್ತಿದೆ, ಆದರೆ ಒಪ್ಪಿಗೆ ಬೇರೆ ಯಾರಾದರೂ ಕೊಡಬೇಕು’. +2 ಅಂದರೆ ಒಪ್ಪಿದೆ. ಗಮನಿಸಿ, ಎರಡು +1 ಸೇರಿದರೆ +2 ಆಗುವುದಿಲ್ಲ. ಹತ್ತು +1 ಸೇರಿದರೂ ಆಗುವುದಿಲ್ಲ. ಮಲೆನಾಡ_ಪ್ಯಾಚ್ ಹೇಳಿದ ‘ಆಕ್’ ಕಥೆಯೇ, ಅಂಕದಲ್ಲಿ. ನಿಮ್ಮ ಪ್ರಾಜೆಕ್ಟಿನಲ್ಲಿ ಆದದ್ದು ಎರಡು +1.

ಇನ್ನೊಂದು ತಮಾಷೆ ಹೇಳುತ್ತೇನೆ. ಅಲ್ಲಿ ಕೋಡ್‌ಗೆ ಇಷ್ಟೆಲ್ಲ ಕಟ್ಟುಪಾಡು. ಆದರೆ ಕನ್ನಡ ಅನುವಾದ ಬರುವುದು ಟ್ರಾನ್ಸ್‌ಲೇಟ್‌ವಿಕಿಯಿಂದ. ಅಲ್ಲಿ ನಾವು ಅನುವಾದ ಮಾಡಿದ್ದನ್ನು ಒಂದು ಬೋಟ್ ಮೂಟೆ ಕಟ್ಟಿ ತಂದು ತಾನೇ ಮರ್ಜ್ ಮಾಡುತ್ತದೆ. ಗೆರಿಟಲ್ಲಿ ಕೂತು ಆ ಕನ್ನಡ ಸಾಲುಗಳನ್ನು ಒಂದೊಂದಾಗಿ ಓದುವ ಪರೀಕ್ಷಕರು ಇಲ್ಲ. ಇದು ಸೋಮಾರಿತನ ಅಲ್ಲ, ನೂರಾರು ಭಾಷೆ ಓದಬಲ್ಲ ರಿವ್ಯೂಯರ್ ಎಲ್ಲಿ ಸಿಗಬೇಕು? ತಿದ್ದುವುದೆಲ್ಲ ಟ್ರಾನ್ಸ್‌ಲೇಟ್‌ವಿಕಿಯಲ್ಲೇ, ಭಾಷೆ ಬಲ್ಲವರ ನಡುವೆ ಆಗಬೇಕು. ಕನ್ನಡ ಬಲ್ಲವರು ಅಲ್ಲಿ ಹೋಗಿ ನೋಡುವುದು ಕಡಿಮೆ, ಅದು ಬೇರೆ ದುಃಖ.

ಫೈರ್‌ಫಾಕ್ಸ್‌ನ ಪಾಂಟೂನ್ ಎಂಬ ಅನುವಾದದ ತಾಣದಲ್ಲಿ ಸ್ವಲ್ಪ ಭಿನ್ನ. ಹೊಸಬರು ಮಾಡಿದ್ದು ‘ಸಲಹೆ’ ಅಂತ ನಿಲ್ಲುತ್ತದೆ. ಆ ಭಾಷೆಯ ಹಕ್ಕುದಾರರು ಒಪ್ಪಿದ ಮೇಲೆ ಒಳಗೆ. ಎರಡರಲ್ಲೂ ಒಂದು ಸಾಮಾನ್ಯ: ಕನ್ನಡದ ಮೇಲೆ ತೀರ್ಪು ಕೊಡುವುದು ಕನ್ನಡ ಬಲ್ಲವರು.

ಮೊದಲ_ಪಿಆರ್

ಎಲ್ಲರೂ ದೊಡ್ಡವರು ಮಾತಾಡುವ ಕಡೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ಆ ‘ಕಸ’ದ ಪಿಆರ್ ಕಳಿಸಿದವರಿಗೆ ಬೈದಿಲ್ಲ ತಾನೇ? 2020ರಲ್ಲಿ ನಾನು ಮೊದಲ ವರ್ಷದ ಇಂಜಿನಿಯರಿಂಗ್. ಅಕ್ಟೋಬರ್‌ನಲ್ಲಿ ನಾಲ್ಕು ಪಿಆರ್ ಕಳಿಸಿದರೆ ಟೀ ಶರ್ಟ್ ಅಂತ ಹ್ಯಾಕ್ಟೋಬರ್‌ಫೆಸ್ಟ್. ಒಂದು ಯೂಟ್ಯೂಬ್ ವಿಡಿಯೋ ನೋಡಿ ನಮ್ಮ ಹಾಸ್ಟೆಲಲ್ಲಿ ಎಲ್ಲರೂ ಯಾರ್‍ಯಾರದೋ ರೀಡ್‌ಮಿಯಲ್ಲಿ (ಪರಿಚಯದ ಫೈಲಲ್ಲಿ) ಒಂದೊಂದು ಪದ ಸೇರಿಸಿ ಕಳಿಸಿದ್ದೇ ಕಳಿಸಿದ್ದು. ಮೇಂಟೇನರ್‌ಗಳು ಎಷ್ಟು ರೋಸಿಹೋದರು ಅಂದರೆ, ಆ ಅಕ್ಟೋಬರ್ ಮೊದಲ ವಾರದಲ್ಲೇ ನಿಯಮ ಬದಲಾಯಿತು. ನಮ್ಮ ಪ್ರಾಜೆಕ್ಟೂ ಇದರಲ್ಲಿದೆ ಅಂತ ಮೇಂಟೇನರ್ ಒಪ್ಪಿದ್ದರೆ ಮಾತ್ರ ಲೆಕ್ಕ ಅಂತ ಮಾಡಿದರು.

ಆಗ ಒಬ್ಬ ಮೇಂಟೇನರ್ ನನ್ನ ಪಿಆರ್ ಮುಚ್ಚುತ್ತಾ, ‘ಇದು ಬೇಡ, ಆದರೆ ಇಲ್ಲೊಂದು ನಿಜವಾದ ತಪ್ಪಿದೆ, ನೋಡ್ತೀಯಾ?’ ಅಂತ ಬರೆದಿದ್ದರು. ಅದನ್ನು ಸರಿ ಮಾಡಲು ಆರು ವಾರ ಹಿಡಿಯಿತು. ಇವತ್ತು ನನ್ನ ಕೆಲಸ ಅದರಿಂದಲೇ ಬಂದದ್ದು.

ಒತ್ತಕ್ಷರ

@ಮೊದಲ_ಪಿಆರ್ ಇಲ್ಲ ಮಾರಾಯ್ರೆ, ಬೈದಿಲ್ಲ. ಅವರಿಗೆ ವಿಷಯ ತಿಳಿಸಿದೆ. ಪಾಪ, ನನಗಿಂತ ಅವರೇ ಜಾಸ್ತಿ ಬೇಜಾರು ಮಾಡಿಕೊಂಡಿದ್ದಾರೆ. ವಾಪಸ್ ಸರಿ ಮಾಡುವ ಪಿಆರ್ ಅನ್ನೂ ಅವರೇ ಬರೆಯುತ್ತಿದ್ದಾರೆ.

ಟರ್ಮಿನಲ್_ತಿಮ್ಮ

ಒಂದು ಕಡ್ಡಿ ಆಡಿಸ್ತೀನಿ. ಎಕ್ಸ್‌ಝಡ್ (ಫೈಲ್ ಕುಗ್ಗಿಸುವ ಟೂಲ್) ಕಥೆಯಲ್ಲಿ ಈ ನಿಯಮ ಯಾವುದಾದರೂ ಉಳಿಸುತ್ತಿತ್ತಾ? ಅಲ್ಲಿ ಇದ್ದದ್ದು ದಣಿದ ಒಬ್ಬರೇ ಮೇಂಟೇನರ್. 2022ರಲ್ಲಿ ಯಾರ್‍ಯಾರೋ ಮೇಲ್ ಹಾಕಿ, ಕೆಲಸ ನಿಧಾನ, ಇನ್ನೊಬ್ಬರಿಗೆ ಹಕ್ಕು ಕೊಡಿ ಅಂತ ಒತ್ತಡ ಹಾಕಿದರು. ಆ ಇನ್ನೊಬ್ಬರು ಎರಡು ವರ್ಷ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದರು. 2024ರ ಆರಂಭದಲ್ಲಿ 5.6.0, 5.6.1 ಆವೃತ್ತಿ ಎರಡರಲ್ಲೂ ಹಿಂಬಾಗಿಲು. ಟೆಸ್ಟ್ ಫೈಲ್ ಅಂತ ಇಟ್ಟಿದ್ದ ಬೈನರಿ ಒಳಗೆ ಬಚ್ಚಿಟ್ಟಿದ್ದರು. ಅದನ್ನು ಬಿಚ್ಚುವ ಸ್ಕ್ರಿಪ್ಟ್ ರಿಲೀಸ್ ಟಾರ್‌ಬಾಲಲ್ಲಿ (ಬಿಡುಗಡೆಯ ಮೂಟೆಯಲ್ಲಿ) ಮಾತ್ರ ಇತ್ತು, ಗಿಟ್‌ನಲ್ಲಿ (ಬದಲಾವಣೆಗಳ ದಾಖಲೆಯಲ್ಲಿ) ಇರಲಿಲ್ಲ. ರಿವ್ಯೂ ಮಾಡುವವರು ನೋಡುವುದು ಗಿಟ್ಟನ್ನ ಗುರು!

ಸಿಕ್ಕಿದ್ದು ಹೇಗೆ? ಆಂಡ್ರೆಸ್ ಫ್ರಾಯ್ಂಡ್ ಅನ್ನುವವರಿಗೆ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಅನ್ನಿಸಿತು, ಬೆನ್ನು ಹತ್ತಿದರು. ಅರ್ಧ ಸೆಕೆಂಡ್! ನಮ್ಮ ಆಫೀಸ್ ವಿಪಿಎನ್‌ನಲ್ಲಿ ಆಗಿದ್ದರೆ ಯಾರಿಗೂ ಗೊತ್ತಾಗ್ತಿರಲಿಲ್ಲ.

ಮಲೆನಾಡ_ಪ್ಯಾಚ್

ತಿಮ್ಮಣ್ಣ, ಅದು ಕಳ್ಳರ ವಿಷಯ. ಒತ್ತಕ್ಷರ ಅವರದು ಒಳ್ಳೆಯವರು ಮಾಡುವ ತಪ್ಪಿನ ವಿಷಯ. ಎರಡಕ್ಕೂ ಒಂದೇ ಬೀಗ ಹುಡುಕುವುದು ಬೇಡ. ಆದರೆ ನಿಮ್ಮ ಮಾತಲ್ಲಿ ಒಂದು ಹೌದು: ಟೆಸ್ಟ್ ಫೈಲ್ ಅಂದ ಕೂಡಲೇ ಎಲ್ಲರೂ ಕಣ್ಣು ಮುಚ್ಚುತ್ತೇವೆ. ಅಲ್ಲೂ ಹಾಗೇ ಆಯಿತು, ಇಲ್ಲೂ ಹಾಗೇ ಆಯಿತು.

ಕೃಷ್ಣರಾಜಪುರಂ_ಲೋಕಲ್

ಒತ್ತಕ್ಷರ, ಗಿಟ್‌ಹಬ್ ತಾಣದಲ್ಲಿ ಕೋಡ್ ಇಟ್ಟಿದ್ದರೆ ಕೋಡ್‌ಓನರ್ಸ್ (ಯಾವ ಫೈಲ್ ಯಾರ ಸುಪರ್ದಿ ಅಂತ ಹೇಳುವ) ಫೈಲ್ ಬಳಸಿ. ಟೆಸ್ಟ್ ಫೋಲ್ಡರ್‌ಗೆ ನಿಮ್ಮಿಬ್ಬರ ಹೆಸರು ಹಾಕಿ, ಬ್ರಾಂಚ್ ಪ್ರೊಟೆಕ್ಷನ್ ಸೆಟ್ಟಿಂಗ್‌ನಲ್ಲಿ ಓನರ್ ಒಪ್ಪಿಗೆ ಕಡ್ಡಾಯ ಮಾಡಿ. ಇಬ್ಬರಲ್ಲಿ ಒಬ್ಬರು ಒಪ್ಪಿದರೆ ಸಾಕಾಗುತ್ತದೆ, ಹಾಗಾಗಿ ಮದುವೆಗೆ ಹೋಗಲು ಅಡ್ಡಿ ಇಲ್ಲ. ತನ್ನ ಪಿಆರ್‌ಗೆ ತಾನೇ ಒಪ್ಪಿಗೆ ಕೊಡಲು ಗಿಟ್‌ಹಬ್ ಬಿಡುವುದಿಲ್ಲ, ಅದೂ ಲೆಕ್ಕದಲ್ಲಿರಲಿ. ಅಡ್ಮಿನ್ ನಿಯಮ ದಾಟಬಹುದು ಎಂಬ ಸೆಟ್ಟಿಂಗನ್ನೂ ಒಮ್ಮೆ ನೋಡಿಕೊಳ್ಳಿ. ನಿಯಮ ಮಾಡಿದವರೇ ಮೊದಲು ದಾಟುವುದು.

ಇನ್ನು ಕಾಣದ ಅಕ್ಷರದ ವಿಷಯ. 2021ರಲ್ಲಿ ‘ಟ್ರೋಜನ್ ಸೋರ್ಸ್’ (ಕಾಣದ ಅಕ್ಷರ ಬಳಸಿ ಕೋಡನ್ನು ಬೇರೆಯಾಗಿ ತೋರಿಸುವ ಮೋಸ) ಗಲಾಟೆ ಆದ ಮೇಲೆ ಗಿಟ್‌ಹಬ್ ಒಂದು ಎಚ್ಚರಿಕೆ ತೋರಿಸುತ್ತದೆ. ಅದು ಬರಹದ ದಿಕ್ಕು ತಿರುಗಿಸುವ ಅಕ್ಷರಗಳಿಗಾಗಿ ಮಾಡಿದ್ದು. ನಮ್ಮ ಜಾಯಿನರ್‌ಗೆ ಅದನ್ನು ನೆಚ್ಚಿಕೊಳ್ಳಬೇಡಿ, ನೀವೇ ಒಂದು ಸ್ಕ್ರಿಪ್ಟ್ ಬರೆಯಿರಿ.

ಒತ್ತಕ್ಷರ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಮೂವರೂ ಕಾಲ್‌ನಲ್ಲಿ ಕೂತೆವು. ಮುನಿಸು ಕರಗಿತು. ಮಲೆನಾಡ_ಪ್ಯಾಚ್ ಅವರ ‘ಅದು ಆಕ್’ ಅನ್ನುವ ಮಾತನ್ನು ಪುಣೆಯವರಿಗೆ ಓದಿ ಹೇಳಿದೆ. ‘ಹೌದು, ನಾನು ಹೇಳಿದ್ದು ಅಷ್ಟೇ’ ಅಂದರು.

ಮೂರು ಜನರ ಒಪ್ಪಿಗೆ ಬೇಡ ಅಂತ ಆಯಿತು. ಇಬ್ಬರದ್ದೇ ಇರಲಿ, ಆದರೆ ಒಪ್ಪುವಾಗ ಏನು ನೋಡಿದೆ ಅಂತ ಒಂದು ಸಾಲು ಬರೆಯಬೇಕು. ‘ಕೋಡ್ ನೋಡಿದೆ, ಕನ್ನಡ ನೋಡಿಲ್ಲ’ ಅಂದರೂ ಸರಿ. ಟೆಸ್ಟಲ್ಲಿ ಬರಬೇಕಾದ ಉತ್ತರ ಬದಲಾಗಿದ್ದರೆ ಕನ್ನಡ ಓದುವ ಒಬ್ಬರ ಒಪ್ಪಿಗೆ ಕಡ್ಡಾಯ, ಅದನ್ನು ಕೋಡ್‌ಓನರ್ಸ್‌ಗೆ ಹಾಕಿದ್ದೇವೆ. ಓಪನ್‌ಎಸ್‌ಎಸ್‌ಎಲ್ ಥರ 24 ಗಂಟೆ ಕಾಯುವುದೂ ಬಂತು. ಫೋನಲ್ಲಿ ಒಪ್ಪಿಗೆ ಕೊಡಬಾರದು ಅಂತ ಗೆಳೆಯ ತಾನೇ ಹೇಳಿದ. ಅದನ್ನು ಬರೆದಿಲ್ಲ, ಬರೆದರೂ ಯಾರೂ ಪಾಲಿಸಲ್ಲ.

ಎಲ್ಲಕ್ಕಿಂತ ನನಗೆ ಖುಷಿ ಕೊಟ್ಟದ್ದು ಪುಣೆಯವರು ರಾತ್ರೋರಾತ್ರಿ ಬರೆದ ಸ್ಕ್ರಿಪ್ಟ್. ಪಿಆರಲ್ಲಿ ಜಾಯಿನರ್ ಸೇರಿದ್ದರೆ, ಹೋಗಿದ್ದರೆ, ಆ ಜಾಗದಲ್ಲಿ ದಪ್ಪ ಚುಕ್ಕೆ ಇಟ್ಟು ಹಳೇ ಪದ, ಹೊಸ ಪದ ಎರಡನ್ನೂ ಕಾಮೆಂಟಲ್ಲಿ ತೋರಿಸುತ್ತದೆ. ಕನ್ನಡ ಬಾರದವರಿಗೂ ಏನೋ ಬದಲಾಗಿದೆ ಅಂತ ಕಾಣುತ್ತದೆ.

ವಾಪಸ್ ಸರಿ ಮಾಡುವ ಪಿಆರ್ ಬಂದಿದೆ, ಈಗ 24 ಗಂಟೆ ಕಾಯುತ್ತಿದೆ.

ಟರ್ಮಿನಲ್_ತಿಮ್ಮ

ಲಿಂಕ್ ಕೊಡಿ, ಒಂದು ಕೈ ನೋಡ್ತೀನಿ. ಲ್ಯಾಪ್‌ಟಾಪಲ್ಲೇ ಇದ್ದೀನಿ.

ಒತ್ತಕ್ಷರ

@ಟರ್ಮಿನಲ್_ತಿಮ್ಮ ಮೆಸೇಜ್ ಮಾಡಿದೆ.

ಟರ್ಮಿನಲ್_ತಿಮ್ಮ

ನೋಡಿದೆ. ‘ರ‍್ಯಾಂಕ್’, ‘ರ‍್ಯಾಲಿ’ ಸರಿ ಇವೆ. ‘ಸಾಫ್ಟ್‌ವೇರ್’ ಸರಿ ಇದೆ. ‘ಇನ್‌ಸ್ಪೆಕ್ಟರ್’ ಟೆಸ್ಟಲ್ಲಿ ಮಾತ್ರ ನಾನ್ ಜಾಯಿನರ್ ಎರಡು ಸಲ ಬಿದ್ದಿದೆ, ನಿಮ್ಮ ಪುಣೆಯವರ ಸ್ಕ್ರಿಪ್ಟಲ್ಲೇ ಎರಡು ಚುಕ್ಕೆ ಕಾಣ್ತಿದೆ. ಬದಲಾವಣೆ ಕೇಳಿ ಕಾಮೆಂಟ್ ಹಾಕಿದ್ದೀನಿ. ಸಾರ್ಟಿಂಗ್ ಕೋಡ್ ನೋಡಿಲ್ಲ.